ದ್ವೀಪಗಳ ಲೆಕ್ಕ

ಹೊನಿಯಾರದ ಭೂಮಾಪನ ಕಚೇರಿ, ಹಿಂದಿನ ಕೋಣೆ.
ಫ್ಯಾನು ಈ ಕಡೆ ತಿರುಗಿದಾಗಲೆಲ್ಲ
ಗೋಡೆಯ ನಕಾಶೆ ಒಮ್ಮೆ ಉಸಿರೆಳೆದು ಬಿಡುತ್ತದೆ.

ದೊಡ್ಡವು ಆರು. ಅವಕ್ಕೆ ಗುಮಾಸ್ತ ಬೇಕಿಲ್ಲ.
ಲೌರು, ಇಸಬೆಲ್, ಮಲೈತ ಒಂದು ಸಾಲು;
ನ್ಯೂ ಜಾರ್ಜಿಯ, ಗ್ವಾಡಲ್‌ಕನಾಲ್ ಇನ್ನೊಂದು;
ಎರಡೂ ಸಾಲು ಬಾಲ ಕೂಡಿಸುವಲ್ಲಿ ಮಕಿರ.
ಬಿಸಿಲಿಗೆ ಬಿದ್ದುಕೊಂಡ ಮೊಸಳೆಗಳು,
ಬೆನ್ನ ಮೇಲೆ ಕಾಡು,
ತಮ್ಮ ಮಳೆಗೆ ತಾವೇ ಮೋಡ ಮಾಡಿಕೊಳ್ಳುವಷ್ಟು ಅನುಕೂಲಸ್ಥರು.

ತಕರಾರೆಲ್ಲ ಸಣ್ಣವುಗಳದ್ದು.
ರೆನೆಲ್ ತನ್ನ ಹೊಟ್ಟೆಯೊಳಗೊಂದು ಸರೋವರ ಇಟ್ಟುಕೊಂಡಿದೆ,
ಆ ಸರೋವರದೊಳಗೆ ಮತ್ತೆ ದ್ವೀಪಗಳು, ಬಸುರಿಯೊಳಗೆ ಬಸುರಿ:
ಎಣಿಸುವುದೇ, ಬಿಡುವುದೇ?
ಕವಾಚಿ ನೀರಡಿಯ ಬೆಂಕಿ; ಆಗೀಗ ತಲೆಯೆತ್ತಿ
ನೆಲವಾಗಿ, ಹೊಗೆಯಾಡಿ,
ನಾವು ಫೈಲು ತೆರೆಯುವಷ್ಟರಲ್ಲಿ ಮುಳುಗಿರುತ್ತದೆ.
ಇಸಬೆಲ್‌ನ ಉತ್ತರಕ್ಕೆ ಕೆಲವು ಚುಕ್ಕೆಗಳಿವೆ, ಹಳೆಯ ಶಾಯಿ.
ಅಲ್ಲಿ ಈಗ ಬೇರು ಮೇಲಾದ ಮರದ ಬೊಡ್ಡೆಗಳು,
ಬೊಡ್ಡೆಯ ಮೇಲೆ ಹಕ್ಕಿ.
ಒಂದು ಚುಕ್ಕೆಯನ್ನು ಉಗುರಿನಿಂದ ಕೆರೆದೆ, ಉದುರಿತು.
ನೊಣದ ಹಿಕ್ಕೆ.
ಉಳಿದವನ್ನು ಕೆರೆಯಲು ಕೈ ಬರಲಿಲ್ಲ.

ಮೇಲಧಿಕಾರಿ ಟೊಝಾಕ ಒಳ್ಳೆಯವನು, ಕನ್ನಡಕ ಒರೆಸುತ್ತ ಓದಿದ:
'ದ್ವೀಪವೆಂದರೆ, ಸ್ವಾಭಾವಿಕವಾಗಿ ಉಂಟಾದ ನೆಲ,
ಸುತ್ತ ನೀರು, ಭರತದಲ್ಲೂ ನೀರಿನ ಮೇಲೆ.'
ಮತ್ತೆ ನನ್ನ ಮುಖ ನೋಡಿದ.
ಅವನಿಗೆ ಗೊತ್ತಿತ್ತು, ನಾನು ಲಾವು ಕೊಲ್ಲಿಯವನು.

ನನ್ನೂರು ಫೌಲೋಮ. ಮೂವತ್ತೊಂಬತ್ತು ಹೆಜ್ಜೆ ಉದ್ದ,
ಅಡ್ಡಕ್ಕೆ ಎಷ್ಟೆಂದು ಹಂದಿಗೆ ಗೊತ್ತು.
ಕಾಡಿನವರ ಜಗಳಕ್ಕೋ, ಸೊಳ್ಳೆಗೋ ಹೆದರಿ
ಯಾರೋ ಮುತ್ತಾತ ಇಳಿತದ ಹೊತ್ತಲ್ಲಿ
ಹವಳದ ಬಂಡೆ ಎಬ್ಬಿಸಿ, ತೆಪ್ಪಕ್ಕೆ ಹೇರಿ,
ಸೊಂಟಮಟ್ಟದ ನೀರಲ್ಲಿ ಒಂದರ ಮೇಲೊಂದು ಒಟ್ಟಿದ.
ಮದುವೆಯಾಗಬೇಕಾದವನು ಮೊದಲು ನೆಲ ಮಾಡಬೇಕು,
ಆಮೇಲೆ ಮನೆ, ಆಮೇಲೆ ಹುಡುಗಿ.
ನಮ್ಮಲ್ಲಿ ಮಣ್ಣೂ ಸಾಲ ತಂದದ್ದೇ, ದೋಣಿಯಲ್ಲಿ, ಬುಟ್ಟಿ ಬುಟ್ಟಿ.
ನೀರಿಗೆ, ಕೆಸುವಿನ ಗೆಡ್ಡೆಗೆ ಹೆಂಗಸರು
ಬೆಳಗಿನ ಜಾವ ದೊಡ್ಡ ನೆಲಕ್ಕೆ ಹುಟ್ಟು ಹಾಕುತ್ತಾರೆ;
ಸತ್ತ ಮೇಲಷ್ಟೇ ಎಲ್ಲರೂ ಅಲ್ಲೇ ಉಳಿಯುವುದು.

ರಜೆಯಲ್ಲಿ ಹೋಗಿ ಅವ್ವನಿಗೆ ಓದಿ ಹೇಳಿದೆ.
ಅವಳು ಮೀನಿನ ಹುರುಪೆ ತೆಗೆಯುತ್ತಿದ್ದಳು.
'ಸ್ವಾಭಾವಿಕ ಅಂದರೆ?'
ಯಾರೂ ಮಾಡದೆ ತಾನಾಗಿ ಆದದ್ದು, ಅವ್ವ.
ಚಾಕು ನಿಲ್ಲಲಿಲ್ಲ.
'ನಿನ್ನಜ್ಜ ಮೇಲಿಯಾವುವಿನ ಬೆನ್ನು ಬಾಗಿತ್ತಲ್ಲ,
ಅದು ತಾನಾಗಿಯೇ ಬಾಗಿತ್ತು ಅಂತ ಬರಕೋ.'

ಸಂಜೆ ಭರತ ಏರಿತು. ಈಗೀಗ ಅಡುಗೆಮನೆಯವರೆಗೆ ಬರುತ್ತದೆ,
ನೆಂಟರ ಹಾಗೆ, ಚಪ್ಪಲಿ ಬಿಡದೆ.
ಮಡಕೆಗಳು ಎದ್ದು ತಮ್ಮತಮ್ಮಲ್ಲೇ ತಾಗಿಕೊಂಡವು.
ಯಾರೂ ಏನೂ ಅನ್ನಲಿಲ್ಲ; ತಂಗಿಯ ಮಗ
ಚಾಪೆಯನ್ನು ಒಂದು ಗೂಟ ಮೇಲೆ ಕಟ್ಟಿದ, ಅಷ್ಟೇ.

ಬೆಳಿಗ್ಗೆ ಇಳಿತ. ದೋಣಿಗೆ ಇನ್ನೂ ಹೊತ್ತಿತ್ತು.
ಅವ್ವ ಕೈ ತೋರಿದಳು, ಪೂರ್ವದ ಮೂಲೆ ತೆರೆ ತಿಂದು ಹಲ್ಲು ಬಿದ್ದಿತ್ತು.
ಆಫೀಸಿನ ಪ್ಯಾಂಟು ಮಡಚಿ ಇಳಿದೆ.
ಬಂಡೆ ಏಳಲಿಲ್ಲ. ಎರಡನೆಯದೂ ಏಳಲಿಲ್ಲ.
ಮೂರನೆಯದು, ಮಗುವಿನ ತಲೆಯಷ್ಟು, ಬಂತು;
ಅಂಗೈ ತರಚಿತು, ಉಪ್ಪು ಹತ್ತಿತು.
ಇಟ್ಟೆ. ಅಲುಗಿತು. ಸಂದಿಗೊಂದು ಚೂರು ತುರುಕಿದಳು ಅವ್ವ,
'ಕಚೇರಿ ಕೈ' ಎಂದಳು.

ಪಟ್ಟಿ ಇನ್ನೂ ನನ್ನ ಮೇಜಿನ ಮೇಲಿದೆ.
ದೊಡ್ಡವು, ಸಣ್ಣವು, ಬಂದುಹೋಗುವವು.
ಒಟ್ಟು ಎಂಬಲ್ಲಿ
ಸೀಸದಕಡ್ಡಿಯಲ್ಲಿ ಬರೆದಿದ್ದೇನೆ, ಒತ್ತದೆ,
ಟೊಝಾಕ ನೋಡಿಯೂ ಸಹಿ ಕೇಳಿಲ್ಲ.
ರಬ್ಬರು ಜೇಬಿನಲ್ಲಿದೆ,
ಹವಳದ ಪುಡಿ ಹತ್ತಿಕೊಂಡು.