ತಿನ್ನದವರು

ಹಾಸನದ ಎಪಿಎಂಸಿ ಯಾರ್ಡಿನಲ್ಲಿ
ಇಪ್ಪತ್ತಾರು ವರ್ಷ ಆಲೂಗಡ್ಡೆಯ ಲೆಕ್ಕ ಬರೆದೆ.
ಒಂದನ್ನೂ ತಿಂದವಳಲ್ಲ.
ಮಣ್ಣೊಳಗೆ ದಪ್ಪಗಾಗುವುದು ನಮ್ಮ ಅಡುಗೆಮನೆಗೆ ಬರುವುದಿಲ್ಲ,
ಬೆಳಗೊಳದ ಕಡೆಯ ಜೈನರು ನಾವು.
ಮಂಡಿಯ ಕಂಚವೀರಪ್ಪನವರು ಮೊದಲ ದಿನವೇ ನಕ್ಕಿದ್ದರು:
"ಒಳ್ಳೇದೇ ಆಯ್ತು ಬಿಡಿ ಪದ್ಮಾವತಮ್ಮ,
ಹಾಲು ಕುಡಿಯದ ಬೆಕ್ಕು ಸಿಕ್ಕಂಗಾಯ್ತು ಕಾವಲಿಗೆ."

ಈ ಸಲದ ಕಟಾವಿಗೆ
ತಿನ್ನದವರು ಇನ್ನೊಬ್ಬರು ಬಂದರು.
ಅವರ ಸೊಸೆ ನಿಶ್ಚಿತಾ ಮೊಬೈಲಿಗೆ ಹಾಕಿಕೊಟ್ಟಳು.
ಚೀಟಿಯ ಫೋಟೊ ಹಿಡಿದರೆ ಸಾಕು,
ತೂಕ, ದರ, ಹಮಾಲಿ, ಬಿತ್ತನೆಗೆ ಕೊಟ್ಟ ಮುಂಗಡ,
ಕಳೆದು ಕೂಡಿ ರೈತನ ಕೈಗೆಷ್ಟು ಎಂಬುದು
ಒಂದೇ ಉಸಿರಿಗೆ
(ಅದಕ್ಕೆ ಉಸಿರೆಲ್ಲಿಯದು)
ಒಂದೇ ಮಿಣುಕಿಗೆ.
ರಾತ್ರಿ ಒಂಬತ್ತಕ್ಕೆ ಮುಚ್ಚುತ್ತಿದ್ದ ಖಾತೆ ಈಗ ಆರೂಕಾಲಿಗೆ.

ಕಂಚವೀರಪ್ಪನವರು ಹೊಸ ಪುಟದಲ್ಲಿ ತಾವೇ ಬರೆದರು:
ಉಳಿತಾಯ, ತಿಂಗಳಿಗೆ ಹದಿನಾಲ್ಕು ಸಾವಿರ.
ಆ ಅಂಕಿಯ ಮುಖಪರಿಚಯ ನನಗಿತ್ತು.
ಅದು ಮಸೂದನ ಸಂಬಳ.
ಅವನೀಗ ಡೈರಿ ಸರ್ಕಲ್ಲಿನಲ್ಲಿ ಹೆಲ್ಮೆಟ್ ಮಾರುತ್ತಾನೆ,
ಕಂಡರೆ ತಲೆಯಳತೆ ಕೇಳುತ್ತಾನೆ,
ನನ್ನ ಬಳಿ ಗಾಡಿಯಿಲ್ಲವೆಂದು ಗೊತ್ತಿದ್ದೂ.

ಮೊದಮೊದಲು ಅದು ತಡವರಿಸುತ್ತಿತ್ತು.
ಹಳಬರು ಚೀಟಿಯಲ್ಲಿ ಕನ್ನಡದ ಅಂಕಿ ಬರೆಯುತ್ತಾರೆ,
ಅದೂ ಕೆಸರುಗೈಯಲ್ಲಿ, ಮೂಟೆಯ ಬೆನ್ನಿನ ಮೇಲಿಟ್ಟುಕೊಂಡು.
"ಇದು ೬ ಇರಬಹುದೇ, ೯ ಇರಬಹುದೇ?"
ಬಾಲ ಎತ್ತ ಹೊರಳಿದೆ ನೋಡಪ್ಪ, ಎನ್ನುತ್ತ ತಿದ್ದಿದೆ.
ದುದ್ದದ ಸಣ್ಣತಮ್ಮಯ್ಯ ಬರೆವ ಏಳು ನಾಲ್ಕರಂತಿರುತ್ತದೆ, ತಿದ್ದಿದೆ.
ಶಾಂತಿಗ್ರಾಮದ ಅಣ್ಣತಮ್ಮಂದಿರು ಸೊನ್ನೆಗೆ ಚುಕ್ಕಿ ಇಡುತ್ತಾರೆ,
ತಿದ್ದಿದೆ, ತಿದ್ದಿದೆ.
ದಿನಕ್ಕೆ ನಲವತ್ತು ಸಲ ಕೇಳುತ್ತಿದ್ದುದು ಹತ್ತಾಯಿತು,
ಎರಡಾಯಿತು.
ಕಳೆದ ಗುರುವಾರದಿಂದ ಕೇಳಿಲ್ಲ.
ಮಗ್ಗಿ ಒಪ್ಪಿಸಿ ಹೋದ ಹುಡುಗ
ತಿರುಗಿಯೂ ನೋಡದಿದ್ದ ಹಾಗೆ.

ಅಷ್ಟೇ ಅಲ್ಲ.
ಹಳೆಯ ಖಾತೆಗಳನ್ನೂ ಅದರ ಕಣ್ಣಿಗೆ ಹಿಡಿದಳು ನಿಶ್ಚಿತಾ.
ಒಂಬತ್ತು ವರ್ಷದ ಹಿಂದಿನದೊಂದು ಸಾಲು ಕೆಂಪಾಯಿತು.
ಸಣ್ಣತಮ್ಮಯ್ಯನ ಮೂಟೆ ಒಂಬತ್ತು,
ನಾನು ಬರೆದದ್ದು ಆರು.
ನನ್ನದೇ ಕೈ, ನನ್ನದೇ ಅಕ್ಷರ,
ಬಾಲ ಎತ್ತ ಹೊರಳಿದೆ ಎಂದು ನನಗೇ ತಿಳಿಯದೆ ಹೋಗಿತ್ತು.
ಅದು ಬೈಯಲಿಲ್ಲ, ನಗಲೂ ಇಲ್ಲ,
"ಸರಿಪಡಿಸಲೇ?" ಎಂದಿತು.
ಕಿವಿಯವರೆಗೆ ಬಿಸಿಯೇರಿದ್ದು ನನಗೊಬ್ಬಳಿಗೇ.

ಫೋನು ಮಾಡಿ ಹೇಳಿದೆ, ಮೂರು ಮೂಟೆಯ ದುಡ್ಡು ಬರಬೇಕು ನಿಮಗೆ.
ಆ ಕಡೆ ಬಹಳ ಹೊತ್ತು ಕೆಮ್ಮು.
"ಅವತ್ತೇ ಗೊತ್ತಿತ್ತು ಕಣವ್ವ.
ನಿಮ್ಮ ಯಜಮಾನರು ತೀರ್ಕೊಂಡ ವಾರ ಅದು.
ಏನಂತ ಕೇಳೋದು?"

ಈ ವಾರದ ವಿಚಾರ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.
ದುಡ್ಡು ಮಾತ್ರ ಕಳಿಸಿದೆವು,
ಕಂಚವೀರಪ್ಪನವರು ಮರುಮಾತಾಡಲಿಲ್ಲ.

ಈಗ ಆರೂಕಾಲಿನಿಂದ ಒಂಬತ್ತರವರೆಗೆ
ಉಳಿದ ಹೊತ್ತು ನನ್ನ ಮುಂದೆ ಕೂತಿರುತ್ತದೆ,
ಜಮೆಗೋ ಖರ್ಚಿಗೋ ತಿಳಿಯದ ಬಾಬತ್ತು.
ನಿನ್ನೆ ಹೊರಗೆ ಹಮಾಲರು ಬೋಂಡ ಕರೆಯುತ್ತಿದ್ದರು,
ಎಣ್ಣೆಯ ವಾಸನೆ ಗಲ್ಲಾದವರೆಗೂ ಬಂತು.
ಯಾರೂ ಇರಲಿಲ್ಲ. ಮೊಬೈಲನ್ನೇ ಕೇಳಿದೆ,
ಆಲೂಗಡ್ಡೆಯ ರುಚಿ ಹೇಗಿರುತ್ತದೆ?

ಅದು ಚೆನ್ನಾಗಿ ಹೇಳಿತು.
ಮೆತ್ತಗಿರುತ್ತದೆ, ತುಸು ಸಿಹಿ, ಮಣ್ಣಿನ ಘಮ,
ಉಪ್ಪನ್ನೂ ಖಾರವನ್ನೂ ಬೇಗ ಹೀರುತ್ತದೆ,
ಬಿಸಿಯಿದ್ದಾಗಲೇ ತಿನ್ನಬೇಕು.

ಕೇಳುತ್ತ ಕೂತೆ.
ಇಪ್ಪತ್ತಾರು ವರ್ಷ ಯಾರ್ಡಿನಲ್ಲಿದ್ದವಳು,
ಇಷ್ಟನ್ನು
ನಾನೂ ಹೇಳುತ್ತಿದ್ದೆ.