ಸೆಕೆಂಡಿಗೆ ಏಳು ಅಲೆ

ಅಪ್ಪನ ಕಿವಿ ಹೋದದ್ದು ಒಂದೇ ದಿನದಲ್ಲಲ್ಲ.
ನಲವತ್ತು ವರ್ಷದ ಸುತ್ತಿಗೆ
ಮೊದಲು ಜೀರುಂಡೆಗಳನ್ನು ಒಯ್ದಿತು,
ಆಮೇಲೆ ಸೊಳ್ಳೆ, ಆಮೇಲೆ ಅಮ್ಮನ ಗೊಣಗಾಟ.
ಅದೊಂದಕ್ಕೆ ಅವನು ಬೇಸರಪಟ್ಟಂತೆ ಕಾಣಲಿಲ್ಲ.

ಈಗ ಬಿದಿರ ಕಡ್ಡಿಯೊಂದನ್ನು ಹಲ್ಲಲ್ಲಿ ಕಚ್ಚಿ
ಇನ್ನೊಂದು ತುದಿಯನ್ನು
ಕಂಚಿನ ಪಟ್ಟಿ ತೂಗುವ ಚೌಕಟ್ಟಿಗೆ ಒತ್ತಿ
ದವಡೆಯಿಂದ ಕೇಳುತ್ತಾನೆ.
'ಹೊಡಿ ಸುಕೆರ್ನಿ' ಅನ್ನುತ್ತಾನೆ, ಕಡ್ಡಿಯ ಪಕ್ಕದಿಂದ.
ಹೊಡೆಯುತ್ತೇನೆ.

ತಿಹಿಂಗಾನಿನ ನಮ್ಮ ಕುಲುಮೆಯಲ್ಲಿ
ಪಟ್ಟಿಗಳು ಹುಟ್ಟುವುದೇ ಎರಡೆರಡು.
ಒಂದೇ ಎರಕ, ಒಂದೇ ಅಳತೆ, ಒಂದೇ ಬೂದಿ.
ಒಂದು ತುಸು ಕೆಳಗೆ: ಅದು ಗುನುಗುವವನು.
ಇನ್ನೊಂದು ಕೂದಲೆಳೆಯಷ್ಟು ಮೇಲೆ: ಅದು ಹೀರುವವನು.
ಒಟ್ಟಿಗೆ ಬಡಿದರೆ
ಈ ಅಲೆಯ ಉಬ್ಬಿಗೆ ಆ ಅಲೆಯ ಉಬ್ಬು ಸಿಕ್ಕಾಗ ದನಿ ಏರಿ,
ಉಬ್ಬು ಹೋಗಿ ತಗ್ಗಿಗೆ ಬಿದ್ದಾಗ ಇಳಿದು,
ಸೆಕೆಂಡಿಗೆ ಏಳು ಸಲ
ಕಂಚು ಉಸಿರಾಡುತ್ತದೆ.
ಒಂಬಕ್ ಎನ್ನುತ್ತೇವೆ ಅದಕ್ಕೆ.
ಕಡಲ ಅಲೆಗೂ ಅದೇ ಹೆಸರು.

ಹೊಟ್ಟೆ ಕೆರೆದರೆ ಸ್ವರ ಇಳಿಯುತ್ತದೆ,
ತುದಿ ಕೆರೆದರೆ ಏರುತ್ತದೆ.
ಎರಡನ್ನೂ ಕೆರೆಯುತ್ತ ಕೂತರೆ ಪಟ್ಟಿಯೇ ಉಳಿಯುವುದಿಲ್ಲ.
ತೊಗಲಿನ ದಾರ ಪೋಣಿಸಲು
ನಡುಗದ ಎರಡು ಜಾಗ ಹುಡುಕಬೇಕು.
ಮೇಲೆ ಮರಳು ಚೆಲ್ಲಿ ತಟ್ಟಿದರೆ
ಮರಳೇ ಹೋಗಿ ಅಲ್ಲಿ ಸಾಲಾಗಿ ಕೂರುತ್ತದೆ.
ಸುಮ್ಮನಿರುವ ಕಡೆ ಹಿಡಿದು ಕಟ್ಟು,
ಉಳಿದದ್ದು ಹಾಡಿಕೊಳ್ಳಲಿ:
ಅಪ್ಪ ಬಾಯಿಬಿಟ್ಟು ಕಲಿಸಿದ್ದು ಇಷ್ಟೇ.
ಕೆಳಗೆ ಬಿದಿರ ಕೊಳವೆ. ಅದರೊಳಗಿನ ಗಾಳಿಯ ಉದ್ದ
ಸ್ವರಕ್ಕೆ ಹೊಂದದಿದ್ದರೆ ದನಿ
ಹೊಸ್ತಿಲಲ್ಲಿ ನಿಂತ ನೆಂಟನ ಹಾಗೆ,
ಒಳಗೂ ಬಾರದು, ಹೊರಟೂ ಹೋಗದು.

ದೆನ್‌ಪಸಾರಿನ ಹೋಟೆಲಿನಿಂದ ಬಾಸ್ಕೊರೊ ಬಂದ.
ಫೋನು ನೆಲದ ಮೇಲಿಟ್ಟು ಎರಡೂ ಪಟ್ಟಿ ಹೊಡೆಸಿದ.
ಪರದೆಯ ಹಸಿರು ಮುಳ್ಳು ಎಡಕ್ಕೂ ಬಲಕ್ಕೂ ಒದ್ದಾಡಿತು.
'ಶ್ರುತಿ ತಪ್ಪಿದೆ' ಎಂದ, ಮರುಕದಿಂದ.
ಕೀಬೋರ್ಡಿನ ಜೊತೆ ನುಡಿಸುವುದಂತೆ. ಎರಡೂ ಒಂದೇ ಆಗಬೇಕಂತೆ.
ಮುಂಗಡ ಕೊಟ್ಟ. ಸೋರುವ ಮಾಡಿಗೆ ಅಷ್ಟು ಸಾಕಿತ್ತು.
ಹೋಗುವಾಗ ನೆಲದಲ್ಲಿದ್ದ ಗಾಂಗನ್ನು
ದಾಟಿಕೊಂಡೇ ಹೋದ.
ಅಂಬೆಗಾಲಿನ ಮಗುವೂ ಇಲ್ಲಿ ವಾದ್ಯವನ್ನು ದಾಟುವುದಿಲ್ಲ,
ಸುತ್ತಿ ಬರುತ್ತದೆ, ಎಡವಿದರೂ ಸರಿ.
ಹೂವಿಟ್ಟು, ನಾಲ್ಕು ಅಗುಳು ಅನ್ನವಿಟ್ಟು
ಅವನ ಪರವಾಗಿ ಕ್ಷಮೆ ಕೇಳಿದೆ.

ರಾತ್ರಿ ನಾನೇ ಅರ ಹಿಡಿದೆ.
ಏಳು ಆರಾಯಿತು. ನಾಲ್ಕಾಯಿತು.
ಒಂದಕ್ಕೆ ಬಂದಾಗ ಅದೆಷ್ಟು ನಿಧಾನವೆಂದರೆ
ಕೊನೆಯ ವಾರ ಅಮ್ಮನ ಎದೆ
ಏರಿತೋ ಇಲ್ಲವೋ ಎಂದು
ಬಗ್ಗಿ ಬಗ್ಗಿ ನೋಡುತ್ತಿದ್ದೆವಲ್ಲ, ಹಾಗೆ.
ಅರವನ್ನು ಇನ್ನೊಮ್ಮೆ ಎಳೆದೆ.
ದನಿ ನೆಟ್ಟಗಾಯಿತು,
ಇಸ್ತ್ರಿ ಹಾಕಿದ ಅಂಗಿ.

ಬೆಳಗ್ಗೆ ಅಪ್ಪ ಕಡ್ಡಿ ಕಚ್ಚಿದ. ಹೊಡೆದೆ.
ಕಾದ. ಹುಬ್ಬು ಗಂಟಿಕ್ಕಿ ಇನ್ನೂ ಕಾದ.
'ಎರಡನೆಯದನ್ನೂ ಹೊಡಿ' ಎಂದ.

ಎರಡನ್ನೂ ಹೊಡೆದಿದ್ದೆ.

ಬಾಸ್ಕೊರೊ ಬಂದು ಒಯ್ದ. ದುಡ್ಡು ಪೂರ್ತಿ ಕೊಟ್ಟ,
ಒಳ್ಳೆಯ ಮನುಷ್ಯ. ಮಾಡು ಈಗ ಸೋರುವುದಿಲ್ಲ.
ಕೆರೆದ ಪುಡಿಯನ್ನು ಗುಡಿಸಿ ಅಂಗೈಗೆ ಸುರಿದುಕೊಂಡೆ:
ಒಂದು ಚಿಟಿಕೆ.
ಆ ಇಬ್ಬರ ನಡುವೆ ಇದ್ದದ್ದು ಇಷ್ಟು.
ಮುಂದಿನ ಎರಕಕ್ಕೆಂದು ಡಬ್ಬಿಗೆ ಹಾಕಿದೆ.

ಆಮೇಲೆ ನ್ಯೆಪಿ ಬಂತು,
ದ್ವೀಪವೆಲ್ಲ ಬಾಯಿ ಮುಚ್ಚಿ ಕೂರುವ ದಿನ.
ವಿಮಾನವಿಲ್ಲ, ದೀಪವಿಲ್ಲ, ಕುಲುಮೆಯಲ್ಲಿ ಕೆಂಡವಿಲ್ಲ.
ಕತ್ತಲಲ್ಲಿ ಅಪ್ಪ ಕಡ್ಡಿ ಕಚ್ಚಿ
ಯಾರೂ ಮುಟ್ಟದ ಚೌಕಟ್ಟಿಗೆ ಒತ್ತಿ ಕೂತಿದ್ದ.
ಏನಿದೆ ಎಂದು ಅವನ ಅಂಗೈಯಲ್ಲಿ ಬೆರಳಿಂದ ಬರೆದೆ.
'ನಾಯಿ' ಎಂದ ಪಿಸುಮಾತಲ್ಲಿ.
'ಅಂಗಳ ದಾಟುತ್ತಿದೆ. ಹಿಂಗಾಲು ಕುಂಟು.'

ಬೆಳಗಾದ ಮೇಲೆ ಹೋಗಿ ನೋಡಿದೆ.
ಮುಂಗಾಲು.