ನಲವತ್ತು ಸಾವಿರ ಬೀಡಿ

ಬೂಟಿನ ಡಬ್ಬಿಯ ಅರ್ಧಕ್ಕೂ ಇಲ್ಲ ಅದು.
ಕೈಯಲ್ಲಿ ಹಿಡಿದರೆ ಹತ್ತು ಖಡಕ್ ರೊಟ್ಟಿಯ ತೂಕ.
"ಇಷ್ಟಽ ಏನೋ ಕಂಪ್ಯೂಟರು?" ಅಂದಿದ್ದಳು ನಿಂಬೆವ್ವ ಹತ್ತೂರೆ
ಹೋದ ವರ್ಷ, ಸೊಲ್ಲಾಪುರದ ನವೀಪೇಠದಲ್ಲಿ
ನನ್ನ ಅಂಗಡಿಯ ಮೆಟ್ಟಿಲಿಗೆ ಚಪ್ಪಲಿ ಬಿಟ್ಟು ಬಂದು.
"ಪರದೆ ಬ್ಯಾರೆ, ಕೀಲಿಮಣಿ ಬ್ಯಾರೆ. ಇದು ಬರೇ ತಲಿ."
"ತಲಿ ಸಣ್ಣದಿದ್ರ ಛಲೋ ಬಿಡು,"
ಅಂದು ಬೆಲೆ ಕೇಳಿದಳು.

ಎಂಟು ಸಾವಿರ ಅಂದೆ.
ಆಕೆ ರೂಪಾಯಿಯಲ್ಲಿ ಎಣಿಸುವವಳಲ್ಲ.
ಕಣ್ಣು ಮುಚ್ಚಿದಳು. ಹೆಬ್ಬೆರಳು ತೋರುಬೆರಳ ಮೇಲೆ ಉರುಳಿ
ಗಾಳಿಯಲ್ಲೇ ಒಂದು ಬೀಡಿ ಸುತ್ತಿತು.
"ನಲವತ್ತು ಸಾವಿರ," ಅಂದಳು.
"ತಡಿ, ಸುತ್ಕೊಂಡು ಬರ್ತೀನಿ."

ಓಣಿಯ ಮೂವತ್ತೆರಡು ಹೆಂಗಸರ ಪಿಎಫ್ ಅರ್ಜಿ.
ಕಾರ್ಖಾನೆಯ ಬುಕ್ಕಿನಲ್ಲಿ ಲಕ್ಷ್ಮೀಬಾಯಿ,
ಆಧಾರಿನಲ್ಲಿ ಲಚ್ಚವ್ವ, ಬ್ಯಾಂಕಿನಲ್ಲಿ ಲಕ್ಷುಂಬಾಯಿ,
ಇರುವುದು ಒಬ್ಬಳೇ ಮುದುಕಿ.
ಮೂವರಲ್ಲಿ ಯಾರಿಗೂ ರೊಕ್ಕ ಬಂದಿಲ್ಲ.
ಏಜಂಟ ಅರ್ಜಿಗೆ ನೂರೈವತ್ತು ತಗೋತಾನೆ,
ತಾನೇ ಮಾಡಿದ ತಪ್ಪು ತಿದ್ದಲು ಮತ್ತೆ ನೂರೈವತ್ತು.
"ನಾ ಏಳನೇತ್ತ ಕಲ್ತೀನಿ, ಕನ್ನಡ ಸಾಳಿ.
ಮರಾಠಿ ಓದ್ತೀನಿ. ಇಂಗ್ಲಿಷ್ ಅಕ್ಷರದ ಗುರ್ತು ಅದ.
ಹೆಸರು ನೆಟ್ಟಗ ಬರಿಯಾಕ ಮತ್ತೇನು ಬೇಕೋ ಬಾಬಾಲಾಲ?"

ಇವತ್ತು ಬಂದಿದ್ದಾಳೆ.
ಪ್ಲಾಸ್ಟಿಕ್ ಚೀಲ, ಅದಕ್ಕೆ ಎರಡು ಸುತ್ತು ಬೀಡಿಯ ದಾರ.
ನೋಟು ಬಿಚ್ಚಿದರೆ ತಂಬಾಕಿನ ಘಾಟಿಗೆ
ನನಗೊಂದು ಸೀನು.

ನನ್ನ ಫೋನಿನಲ್ಲಿ ಪುಣೆಯ ಡೀಲರನ ಮೆಸೇಜು:
ಮೆಮೊರಿ ತುಟ್ಟಿ, ಹಳೇ ದರ ಮರೆತುಬಿಡಿ.
ಮುಂದಿನ ಮಾಡೆಲ್ಲು ಬಂದರೆ ಬಂತು.
ಉಳಿದ ನಾಲ್ಕು ಪೀಸು, ಹದಿನಾಲ್ಕು ಸಾವಿರದಂತೆ.
ಎಪ್ಪತ್ತು ಸಾವಿರ ಬೀಡಿ.
ಈ ಸಲ ಲೆಕ್ಕ ನಾನೇ ಹಾಕಿದೆ,
ಬಾಯಿ ಬಿಡಲು ಒಂದು ಚಹಾದಷ್ಟು ಹೊತ್ತು ಹಿಡಿಯಿತು.

"ಎಲ್ಲೋ ದೂರ ದೊಡ್ಡ ದೊಡ್ಡ ಮಷೀನು ಕುಂತಾವಂತ ಅಕ್ಕಾ.
ಜಗತ್ತಿನ ನೆನಪೆಲ್ಲಾ ಅವಽ ಕೊಂಡು ಒಯ್ಯಾಕತ್ಯಾವ.
ಸಣ್ಣವಕ್ಕ ಉಳೀವಲ್ದು."
"ನೆನಪು ಮಾರ್ತಾರೇನೋ?"
"ಜಿಬಿ ಲೆಕ್ಕದಾಗ."

ಆಕೆ ನಗಲಿಲ್ಲ. ಕಪಾಟಿನ ಮೇಲಿನ ಹಳೇದನ್ನು ತೋರಿಸಿದಳು.
ಅದು ಯಾವುದೋ ಪತಸಂಸ್ಥೆ ಮುಚ್ಚಿದಾಗ ಬಂದದ್ದು,
ಫ್ಯಾನು ಗೊರಗೊರ ಅನ್ನುತ್ತದೆ.
"ಅದು ಎಷ್ಟು ದಿನ ಬಂದೀತು?"
ನಾನು ಗೊತ್ತಿಲ್ಲ ಅಂದೆ.
"ಹೊಸಾದು?"
ಅದೂ ಗೊತ್ತಿಲ್ಲ.
"ನಾ ಸುತ್ತಿದ ಬೀಡಿ ಎಷ್ಟೊತ್ತು ಉರೀತದ ನನಗ ಗೊತ್ತದ.
ಇದನ್ನ ಮಾಡಿದವಗ ಗೊತ್ತಿಲ್ಲಂದ್ರ ಹ್ಯಾಂಗೋ?"

ಉತ್ತರ ಇರಲಿಲ್ಲ. ಡಬ್ಬಿ ಒಡೆದು ಹೊಸದನ್ನೇ ಜೋಡಿಸಿದೆ,
ನೋಡಲಿಕ್ಕೆ ರೊಕ್ಕ ಇಲ್ಲವಲ್ಲ.
ಹದಿನೆಂಟು ಸೆಕೆಂಡಿಗೆ ಎದ್ದು ಕೂತಿತು, ಸದ್ದಿಲ್ಲದೆ.
ಎಲೆ ಕತ್ತರಿಸಿ ಕತ್ತರಿಸಿ ಕಾಯಿಗಟ್ಟಿದ ಒಂದು ಬೆರಳು
ಕೀಲಿಗಳ ಮೇಲೆ ಕೋಳಿಯಂತೆ ಹೆಕ್ಕಿತು:
ಲಚವವ.
"ಇದ್ಯಾರೋ ನಾಕನೇದಾಕಿ!"
ಒತ್ತು ಬೇಕಾದರೆ ನಡುವೆ ಎಫ್ ಒತ್ತಬೇಕು,
ಒಂದು ಅಕ್ಷರ ಇನ್ನೊಂದರ ಕಾಲಡಿ ಹೋಗಿ ಕೂಡುತ್ತದೆ, ಅಂದೆ.
ಅಳಿಸಿದಳು. ಮತ್ತೆ ಹೆಕ್ಕಿದಳು. ಕೂಡಿತು.

"ನಮ್ಮ ಕಾರ್ಖಾನಿಯವನೂ ಅಂತಾನ,
ಮುಂದಿನ ವರ್ಷ ಎಲಿ ಕೊಡೂದು ಗ್ಯಾರಂಟಿ ಇಲ್ಲಂತ.
ನಾ ಮದುವಿಯಾಗಿ ಬಂದಾಗಿಂದ ಅದಽ ಮಾತು."
ಚೀಲಕ್ಕೆ ದಾರ ಸುತ್ತುತ್ತ ತುಟಿಯಲ್ಲೇ ಏನೋ ಭಾಗಿಸಿದಳು.
"ಮೂವತ್ತೆರಡು ಮಂದಿ ಅದೀವಿ.
ತಲಿಗೆ ಒಂದು ಸಾವಿರದಾಗ ಇನ್ನೂ ಉಳೀತದ.
ಒಂದು ದಿನದ್ದು.
ಐತವಾರದ ತನಕ ಈ ರೇಟು ನಿಲ್ತದೇನು?"

ಡೀಲರನಿಗೆ ಕೇಳಿದೆ. ಎರಡು ನೀಲಿ ಗೆರೆ ಬಿತ್ತು,
ಉತ್ತರ ಬರಲಿಲ್ಲ.
ಆಕೆ ಚಪ್ಪಲಿ ಹುಡುಕುತ್ತಿದ್ದಳು.
ಹುಡುಗನೊಬ್ಬ ಬಂದು ಮೊಬೈಲ್ ಕವರು ಕೇಳಿದ,
ಪರದೆ ನೋಡಿ, "ಲಚ್ಚವ್ವ ಯಾರ್ರೀ?" ಅಂದ.